ಎದೆಯಲ್ಲಿ ನೀರು ಎಂದಾಕ್ಷಣ ಟಿಬಿ ಎನ್ನುವ ಮೊದಲು ಕಸುಬು ಕೇಳಿ

ಮಾನ್ಯ ಸಂಪಾದಕರೇ,

ಐವತ್ತು ದಾಟಿದವರಿಗೆ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಒಂದು ಪಕ್ಕೆ ಭಾರವೆನಿಸುತ್ತದೆ, ಎಕ್ಸ್‌ರೇ ತೆಗೆಸಿದರೆ ಒಂದೇ ಕಡೆ ನೀರು. ಮುಂದೆ ನಡೆಯುವುದು ಎಲ್ಲರಿಗೂ ಗೊತ್ತು: ನೀರು ತೆಗೆದು, ಟಿಬಿ ಮಾತ್ರೆ ಬರೆದು ಕಳಿಸುತ್ತಾರೆ. ಟಿಬಿ ಇಷ್ಟೊಂದು ಇರುವ ದೇಶದಲ್ಲಿ ಅದು ಸಹಜವೇ, ಹೆಚ್ಚಿನವರು ಗುಣವಾಗುತ್ತಾರೆ ಕೂಡ. ಆದರೆ ಮಾತ್ರೆ ನುಂಗುತ್ತಿದ್ದರೂ ಮತ್ತೆ ಮತ್ತೆ ನೀರು ತುಂಬಿಕೊಳ್ಳುವ ಕೆಲವರಿಗೆ ಇರುವುದು ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್. ಅದು ಗೊತ್ತಾಗುವ ಹೊತ್ತಿಗೆ ಆರು ತಿಂಗಳು ಕಳೆದಿರುತ್ತದೆ. ಈ ರೋಗದಲ್ಲಿ ಆರು ತಿಂಗಳೆಂದರೆ ಉಳಿದ ಆಯುಷ್ಯದ ದೊಡ್ಡ ಪಾಲು. ‘ಮೂವತ್ತು ವರ್ಷದ ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ?’ ಎಂಬ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಎಷ್ಟೋ ಪ್ರಕರಣಗಳ ದಾರಿ ಬೇರೆಯಾಗುತ್ತಿತ್ತು. ಈ ಪತ್ರ ಅದಕ್ಕಾಗಿ.

ಶ್ವಾಸಕೋಶ, ಹೃದಯ ಮತ್ತು ಹೊಟ್ಟೆಯ ಅಂಗಾಂಗಗಳನ್ನು ಹೊರಗಿನಿಂದ ಸುತ್ತಿಕೊಂಡಿರುವ ತೆಳು ಪೊರೆಗೆ ಮೆಸೊಥೀಲಿಯಂ ಎನ್ನುತ್ತಾರೆ. ಅಂಗಗಳು ಒಂದಕ್ಕೊಂದು ಉಜ್ಜದೆ ಜಾರಲು ಬೇಕಾದ ತೇವವನ್ನು ಕೊಡುವುದು ಇದರ ಕೆಲಸ. ಈ ಪೊರೆಯಲ್ಲೇ ಹುಟ್ಟುವ ಕ್ಯಾನ್ಸರ್ ಮೆಸೊಥೆಲಿಯೋಮಾ. ಹಾಗಾಗಿ ಇದನ್ನು ‘ಶ್ವಾಸಕೋಶದ ಕ್ಯಾನ್ಸರ್’ ಎಂದು ಬರೆಯುವುದು ತಪ್ಪು. ಶ್ವಾಸಕೋಶದ ಕ್ಯಾನ್ಸರ್ ಒಳಗಿನ ಗಾಳಿನಾಳ, ಗಾಳಿಚೀಲಗಳಲ್ಲಿ ಹುಟ್ಟುತ್ತದೆ. ಇದು ಹೊರಗಿನ ಹೊದಿಕೆಯಲ್ಲಿ ಹುಟ್ಟಿ ಶ್ವಾಸಕೋಶವನ್ನು ಸುತ್ತಲಿಂದ ಬಿಗಿಯುತ್ತಾ ಹೋಗುತ್ತದೆ. ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲಿಗಿಂತ ಹೆಚ್ಚು ಎದೆಯ ಪೊರೆಯವು. ಉಳಿದವುಗಳಲ್ಲಿ ಬಹುಪಾಲು ಹೊಟ್ಟೆಯ ಪೊರೆಯಲ್ಲಿ ಬರುತ್ತವೆ. ಹೃದಯದ ಸುತ್ತಣ ಪೊರೆಯಲ್ಲಿ ಮತ್ತು ವೃಷಣದ ಹೊದಿಕೆಯಲ್ಲಿ ಬರುವುದು ತೀರಾ ಅಪರೂಪ.

ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ದಕ್ಷಿಣ ಆಫ್ರಿಕಾದ ಉತ್ತರ ಕೇಪ್ ಪ್ರಾಂತ್ಯದ ನೀಲಿ ಕಲ್ನಾರಿನ ಗಣಿ ಪ್ರದೇಶದಿಂದ ರೋಗಶಾಸ್ತ್ರಜ್ಞ ವ್ಯಾಗ್ನರ್ ಮತ್ತು ಜೊತೆಗಾರರು 1960ರಲ್ಲಿ 33 ಪ್ರಕರಣಗಳನ್ನು ವರದಿ ಮಾಡಿದಾಗ ಈ ನಂಟು ಜಗತ್ತಿಗೆ ಸ್ಪಷ್ಟವಾಯಿತು. ಆ ಪಟ್ಟಿಯಲ್ಲಿ ಗಣಿಗೆ ಇಳಿಯದೆ ಬರೀ ಆ ಊರುಗಳಲ್ಲಿ ಬಾಳಿದವರೂ ಇದ್ದರು. ಪಶ್ಚಿಮ ಆಸ್ಟ್ರೇಲಿಯಾದ ವಿಟ್ಟನೂಮ್ ಗಣಿ 1966ರಲ್ಲೇ ಮುಚ್ಚಿತು. ಅಲ್ಲಿ ಆಡಿ ಬೆಳೆದ ಮಕ್ಕಳಲ್ಲಿ ದಶಕಗಳ ನಂತರವೂ ರೋಗ ಕಾಣಿಸಿಕೊಂಡಿತು. ಧೂಳು ಉಸಿರಾಡಿದ್ದಕ್ಕೂ ರೋಗ ಹೊರಬರುವುದಕ್ಕೂ ನಡುವೆ 20ರಿಂದ 50 ವರ್ಷಗಳ ಅಂತರವಿರುತ್ತದೆ. ‘ನಾನು ಆ ಕೆಲಸ ಬಿಟ್ಟು ಎಷ್ಟೋ ವರ್ಷ ಆಯಿತು, ಈಗ ಕಿರಾಣಿ ಅಂಗಡಿ’ ಎಂದು ರೋಗಿ ಹೇಳಿದರೆ ಅದರಿಂದ ಅನುಮಾನ ಕಡಿಮೆಯಾಗಬೇಕಿಲ್ಲ, ಹೆಚ್ಚೇ ಆಗಬೇಕು.

ಕಲ್ನಾರು ಒಂದೇ ಖನಿಜವಲ್ಲ. ಬಿಳಿಯದು ಕ್ರೈಸೊಟೈಲ್, ಸುರುಳಿ ಎಳೆಯದು. ನೀಲಿಯ ಕ್ರೋಸಿಡೊಲೈಟ್, ಕಂದು ಬಣ್ಣದ ಆಮೊಸೈಟ್ ಮತ್ತು ಟ್ರೆಮೊಲೈಟ್, ಆಕ್ಟಿನೊಲೈಟ್, ಆಂತೊಫಿಲೈಟ್‌ಗಳು ಆಂಫಿಬೋಲ್ ಗುಂಪಿನವು. ನೆಟ್ಟಗೆ, ಸೂಜಿಯಂತೆ ಇರುತ್ತವೆ. ಮೆಸೊಥೆಲಿಯೋಮಾ ತರುವ ಶಕ್ತಿ ಆಂಫಿಬೋಲ್‌ಗಳಿಗೆ ಹೆಚ್ಚು, ಅದು ನಿಜ. ಇದನ್ನೇ ಹಿಡಿದುಕೊಂಡು ಶೀಟು ಉದ್ಯಮದವರು ಬಿಳಿ ಕಲ್ನಾರು ಸುರಕ್ಷಿತ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಿಳಿಯದೂ ಸೇರಿ ಎಲ್ಲ ಬಗೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ. ಕಡಿಮೆ ಅಪಾಯ ಎಂಬುದನ್ನು ಅಪಾಯವೇ ಇಲ್ಲ ಎಂದು ಮಾರುವುದು ವ್ಯಾಪಾರದ ಮಾತು, ವೈದ್ಯಕೀಯದ್ದಲ್ಲ.

ಎಳೆ ಒಳಹೋದ ಮೇಲೆ ಆಗುವುದಿಷ್ಟು. 5 ಮೈಕ್ರಾನ್‌ಗಿಂತ ಉದ್ದ, 3 ಮೈಕ್ರಾನ್‌ಗಿಂತ ತೆಳು ಇರುವ ಎಳೆಗಳು ಮೂಗಿನ ರೋಮ, ಗಂಟಲ ಲೋಳೆ ಎಲ್ಲವನ್ನೂ ತಪ್ಪಿಸಿಕೊಂಡು ಶ್ವಾಸಕೋಶದ ಅಂಚಿಗೆ ತಲುಪುತ್ತವೆ. ಅಲ್ಲಿಂದ ಕೆಲವು ಪೊರೆಗೂ ಸಾಗುತ್ತವೆ. ದೇಹದ ಕಾವಲು ಕೋಶಗಳು ನುಂಗಲು ಹೋದರೆ ಎಳೆ ಅವುಗಳಿಗಿಂತ ಉದ್ದ. ನುಂಗಲಾಗದೆ ಕೋಶಗಳು ಸಾಯುತ್ತವೆ, ಉರಿಯೂತ ಆರದೆ ವರ್ಷಗಟ್ಟಲೆ ಹೊಗೆಯಾಡುತ್ತದೆ, ಪಕ್ಕದ ಪೊರೆ ಕೋಶಗಳ ವಂಶವಾಹಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ.

ಬೇರೆ ಕಾರಣಗಳೂ ಇವೆ. ಟರ್ಕಿಯ ಕಪಡೋಕಿಯಾದ ಕರಾಯಿನ್, ತುಜ್‌ಕೋಯ್‌ನಂಥ ಹಳ್ಳಿಗಳಲ್ಲಿ ಮನೆ ಕಟ್ಟುವ ಕಲ್ಲಿನಲ್ಲೇ ಇರುವ ಎರಿಯೊನೈಟ್ ಎಂಬ ಖನಿಜ ಪೀಳಿಗೆಗಳನ್ನೇ ತಿಂದಿದೆ. ಹಿಂದೆ ಎದೆಗೆ ಅಥವಾ ಹೊಟ್ಟೆಗೆ ವಿಕಿರಣ ಚಿಕಿತ್ಸೆ ಪಡೆದ ಕೆಲವರಲ್ಲಿ ವರ್ಷಗಳ ನಂತರ ಬರುವುದುಂಟು. ಬಿಎಪಿ1 ಎಂಬ ವಂಶವಾಹಿಯ ದೋಷ ಹುಟ್ಟಿನಿಂದಲೇ ಇರುವ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಕಾಣಿಸಬಹುದು. ಬೀಡಿ, ಸಿಗರೇಟು ಮೆಸೊಥೆಲಿಯೋಮಾಕ್ಕೆ ಕಾರಣವಲ್ಲ. ಆದರೆ ಕಲ್ನಾರಿನ ಧೂಳು ಕುಡಿದವರು ಸೇದುವವರೂ ಆಗಿದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ‘ಬೀಡಿ ಸೇದುತ್ತಿದ್ದ, ಅದಕ್ಕೇ’ ಎಂದು ಕಡತ ಮುಚ್ಚುವಾಗ ಈ ಎರಡನ್ನೂ ಗಮನಿಸಬೇಕು.

ನಮ್ಮಲ್ಲಿ ಈ ಧೂಳು ಎಲ್ಲಿಂದ ಬಂತು? ಹಾಸನ ಜಿಲ್ಲೆಯ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಕಲ್ನಾರು ಇದೆ. ದೇಶದ ನಿಕ್ಷೇಪದಲ್ಲಿ ರಾಜಸ್ಥಾನದ ನಂತರ ಕರ್ನಾಟಕದ್ದೇ ದೊಡ್ಡ ಪಾಲು. 1986ರಿಂದ ಕೇಂದ್ರ ಸರ್ಕಾರ ಕಲ್ನಾರಿನ ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನೂ ಮುಂದೆ ಹಳೆಯದನ್ನು ನವೀಕರಿಸುವುದನ್ನೂ ಆರೋಗ್ಯದ ಕಾರಣಕ್ಕೇ ನಿಲ್ಲಿಸಿತು. ಅಗೆಯುವುದು ಬೇಡ ಎಂದವರು ಆಮದಿಗೆ ಮಾತ್ರ ಬಾಗಿಲು ತೆರೆದಿಟ್ಟರು. ಇಂದಿಗೂ ರಷ್ಯಾ, ಕಜಕಸ್ತಾನದಂಥ ದೇಶಗಳಿಂದ ಬಿಳಿ ಕಲ್ನಾರು ಹಡಗಿನಲ್ಲಿ ಬಂದು ಶೀಟು, ಪೈಪು ಆಗುತ್ತಿದೆ. ಯುರೋಪಿನ ಒಕ್ಕೂಟ, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಬ್ರೆಜಿಲ್, ಪಕ್ಕದ ನೇಪಾಳ ಎಲ್ಲವೂ ಕಲ್ನಾರನ್ನು ಕೈಬಿಟ್ಟಿವೆ. ಅಮೆರಿಕವೂ 2024ರಲ್ಲಿ ಕ್ರೈಸೊಟೈಲ್ ನಿಷೇಧಿಸುವ ನಿಯಮ ತಂದಿತು.

ಹಾಗಾಗಿ ಕೆಲಸದ ಇತಿಹಾಸ ಕೇಳುವಾಗ ‘ಆಸ್ಬೆಸ್ಟಾಸ್ ಫ್ಯಾಕ್ಟರಿಯಲ್ಲಿದ್ದಿರಾ’ ಎಂದಷ್ಟೇ ಕೇಳಿದರೆ ಸಾಲದು. ಆ ಹೆಸರೇ ಕೇಳದವರು ‘ಇಲ್ಲ’ ಎಂದುಬಿಡುತ್ತಾರೆ. ಶೀಟು ಕತ್ತರಿಸಿ ಚಾವಣಿ ಹಾಕುತ್ತಿದ್ದಿರಾ, ಸಕ್ಕರೆ ಕಾರ್ಖಾನೆ ಅಥವಾ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್‌ಗೆ, ಹಬೆ ಪೈಪಿಗೆ ಹೊದಿಕೆ ಸುತ್ತುತ್ತಿದ್ದಿರಾ, ಕುಲುಮೆ ಬಾಗಿಲಿಗೆ ಬಿಳಿ ಹಗ್ಗ ತುರುಕುತ್ತಿದ್ದಿರಾ, ಗ್ಯಾಸ್ಕೆಟ್ ಕೊರೆಯುತ್ತಿದ್ದಿರಾ, ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ ಬಿಚ್ಚಿ ಏರ್ ಹೊಡೆದು ಧೂಳು ಹಾರಿಸುತ್ತಿದ್ದಿರಾ, ಹಳೇ ಕಟ್ಟಡ ಒಡೆಯುವ ಕೆಲಸವಿತ್ತಾ, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದಿದ್ದಿರಾ ಎಂದು ಬಿಡಿಸಿ ಕೇಳಬೇಕು. ಹೆಂಗಸರನ್ನು ಕೇಳುವಾಗ ಗಂಡನ ಅಥವಾ ಅಪ್ಪನ ಕೆಲಸ, ಅವರ ಧೂಳು ಬಟ್ಟೆ ಕೊಡವಿ ಒಗೆಯುತ್ತಿದ್ದವರು ಯಾರು ಎಂಬುದನ್ನೂ ಕೇಳಬೇಕು. ಬಟ್ಟೆ ಒಗೆದೇ ರೋಗ ತಂದುಕೊಂಡವರ ದಾಖಲೆ ಅನೇಕ ದೇಶಗಳಲ್ಲಿದೆ.

ಈಗ ಲಕ್ಷಣಗಳು. ಎದೆಯ ಪೊರೆಯದಾದರೆ ಮೊದಲು ಬರುವುದು ಏದುಸಿರು, ನೀರು ತುಂಬುವುದರಿಂದ. ನಂತರ ಪಕ್ಕೆಯಲ್ಲಿ ಮಂದವಾಗಿ ಕೊರೆಯುವ ನೋವು. ಇದು ಉಸಿರೆಳೆದಾಗ ಚುಚ್ಚುವ ಟಿಬಿ, ನ್ಯುಮೋನಿಯಾದ ನೋವಿನಂತಲ್ಲ. ಹಗಲೂ ರಾತ್ರಿ ಇದ್ದೇ ಇರುತ್ತದೆ, ಕೆಲವೊಮ್ಮೆ ಹೆಗಲಿಗೂ ಹಬ್ಬುತ್ತದೆ. ಒಣ ಕೆಮ್ಮು, ಸುಸ್ತು, ರಾತ್ರಿ ಬೆವರು, ತೂಕ ಇಳಿಯುವುದು ಎಲ್ಲ ಟಿಬಿಯಲ್ಲೂ ಇರುವಂಥವೇ, ಗೊಂದಲ ಹುಟ್ಟುವುದೂ ಅಲ್ಲಿಯೇ. ಹೊಟ್ಟೆಯದಾದರೆ ಹೊಟ್ಟೆ ಉಬ್ಬರಿಸಿ ನೀರು ತುಂಬುತ್ತದೆ, ಸೊಂಟದ ಅಳತೆ ಹೆಚ್ಚುತ್ತಾ ಕೈಕಾಲು ಸಣಕಲಾಗುತ್ತವೆ, ಊಟ ಸೇರುವುದಿಲ್ಲ, ಮುಂದೆ ಕರುಳು ಕಟ್ಟಿಕೊಳ್ಳಬಹುದು. ಹೆಂಗಸರಲ್ಲಿ ಇದನ್ನು ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯುವುದು ಸಾಮಾನ್ಯ. ಹೃದಯದ ಪೊರೆಯದು ಎದೆಬಡಿತ, ಉಬ್ಬಸ, ಕಾಲು ಬಾವಾಗಿ ತೋರುತ್ತದೆ. ವೃಷಣದ್ದು ಬುಡ್ಡದ ಆಪರೇಷನ್‌ಗೆಂದು ತೆರೆದಾಗಲೇ ಗೊತ್ತಾಗುವುದು ಹೆಚ್ಚು.

ಇನ್ನು ಪತ್ತೆಯ ಮಾತು. ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಎಕ್ಸ್‌ರೇಯಲ್ಲೇ ಒಂದು ಸುಳಿವು ಸಿಗಬಹುದು. ಒಂದು ಕಡೆ ಅಷ್ಟೊಂದು ನೀರು ತುಂಬಿದರೆ ಹೃದಯ, ಶ್ವಾಸನಾಳಗಳು ಇನ್ನೊಂದು ಬದಿಗೆ ತಳ್ಳಲ್ಪಡಬೇಕು. ಮೆಸೊಥೆಲಿಯೋಮಾದಲ್ಲಿ ದಪ್ಪಗಾದ ಪೊರೆ ಎಲ್ಲವನ್ನೂ ಹಿಡಿದುಕೊಂಡಿರುವುದರಿಂದ ನೀರು ಬಹಳವಿದ್ದರೂ ನಡುಭಾಗ ಜರುಗಿರುವುದಿಲ್ಲ, ಕೆಲವೊಮ್ಮೆ ಆ ಕಡೆಯ ಎದೆಗೂಡೇ ಕುಗ್ಗಿರುತ್ತದೆ. ಪೊರೆಯ ಮೇಲೆ ಸುಣ್ಣಗಟ್ಟಿದ ಮಚ್ಚೆಗಳು ಕಂಡರೆ ಅವು ಕ್ಯಾನ್ಸರಲ್ಲ, ಮುಂದೆ ಕ್ಯಾನ್ಸರ್ ಆಗುವಂಥವೂ ಅಲ್ಲ. ಆದರೆ ಈ ವ್ಯಕ್ತಿ ಹಿಂದೆಂದೋ ಕಲ್ನಾರಿನ ಧೂಳು ಕುಡಿದಿದ್ದಾನೆ ಎಂಬುದಕ್ಕೆ ಸಾಕ್ಷಿ.

ನೀರು ತೆಗೆಯುವಾಗ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕಬೇಕು. ಒಂದೇ ಸಲಕ್ಕೆ ಒಂದೂವರೆ ಲೀಟರ್ ಮೀರಬಾರದು. ಅವಸರದಲ್ಲಿ ಪೂರಾ ಖಾಲಿ ಮಾಡಿದರೆ ಹಿಗ್ಗಿದ ಶ್ವಾಸಕೋಶದೊಳಗೇ ನೀರು ತುಂಬಿ ಪ್ರಾಣಕ್ಕೆ ಬರಬಹುದು. ಪ್ರೋಟೀನ್, ಎಲ್‌ಡಿಎಚ್ ಎಂಬ ಕಿಣ್ವ, ಟಿಬಿಯಲ್ಲಿ ಏರುವ ಎಡಿಎ ಎಂಬ ಕಿಣ್ವ, ಟಿಬಿ ಬ್ಯಾಕ್ಟೀರಿಯಾದ ವಂಶವಾಹಿ ಹುಡುಕುವ ಸಿಬಿನ್ಯಾಟ್ ಇವುಗಳ ಪರೀಕ್ಷೆಯ ಜೊತೆ ಕನಿಷ್ಠ 50 ಮಿ.ಲೀ. ನೀರನ್ನು ಕೋಶ ಪರೀಕ್ಷೆಗೆ ಕಳಿಸಬೇಕು. ಐದು ಮಿ.ಲೀ. ಸಿರಿಂಜಿನಲ್ಲಿ ಕಳಿಸಿದ್ದಕ್ಕೆ ‘ಕ್ಯಾನ್ಸರ್ ಕೋಶ ಕಂಡಿಲ್ಲ’ ಎಂದು ವರದಿ ಬಂದರೆ ಅದಕ್ಕೆ ಬೆಲೆಯಿಲ್ಲ. ಸಾಕಷ್ಟು ಕಳಿಸಿದರೂ ಮೆಸೊಥೆಲಿಯೋಮಾದ ಬಹಳಷ್ಟು ಪ್ರಕರಣಗಳಲ್ಲಿ ನೀರಿನ ವರದಿ ಬರಿದೇ ಬರುತ್ತದೆ, ಏಕೆಂದರೆ ಕೆಲವು ಬಗೆಯ ಗಡ್ಡೆಗಳು ಕೋಶ ಉದುರಿಸುವುದೇ ಇಲ್ಲ.

ಎಡಿಎ 40 ಯೂನಿಟ್ ದಾಟಿತು, ನೀರಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಹೆಚ್ಚಿದೆ, ಆದ್ದರಿಂದ ಟಿಬಿ ಎನ್ನುವ ಸೂತ್ರ ಯುವಕರಲ್ಲಿ ಬಹುಮಟ್ಟಿಗೆ ಸರಿ. ಐವತ್ತು ದಾಟಿದವರಲ್ಲಿ, ಜ್ವರವೇ ಇಲ್ಲದವರಲ್ಲಿ, ನೀರು ರಕ್ತ ಬೆರೆತು ಬಂದಾಗ ಅಥವಾ ಜೇನಿನಂತೆ ಅಂಟಂಟಾಗಿ ಬಂದಾಗ, ಧೂಳಿನ ಕಸುಬು ಮಾಡಿದ್ದವರಲ್ಲಿ ಆ ಸೂತ್ರವನ್ನು ನಂಬಿ ಕೂರಬಾರದು. ಮೆಸೊಥೆಲಿಯೋಮಾದಲ್ಲೂ ಎಡಿಎ ಏರುವುದುಂಟು. ಟಿಬಿ ಮಾತ್ರೆ ಶುರು ಮಾಡಿದ್ದರೂ ತಿಂಗಳೊಳಗೆ ಹಸಿವು, ತೂಕ ಚೇತರಿಸಿಕೊಳ್ಳದೆ ನೀರು ಮತ್ತೆ ತುಂಬಿದರೆ ‘ಕೋರ್ಸ್ ಮುಗಿಸಿ ನೋಡೋಣ’ ಎನ್ನದೆ ಪೊರೆಯ ತುಣುಕು ತೆಗೆಸಬೇಕು.

ಅದಕ್ಕೂ ಮುಂಚೆ ನೀರು ಸಾಕಷ್ಟು ತೆಗೆದ ನಂತರ ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಪೊರೆ 1 ಸೆಂ.ಮೀ.ಗಿಂತ ದಪ್ಪವಿದ್ದರೆ, ಗಂಟುಗಂಟಾಗಿದ್ದರೆ, ಶ್ವಾಸಕೋಶವನ್ನು ಪೂರ್ತಿ ಬಳಸಿದ್ದರೆ, ಹೃದಯದ ಕಡೆಯ ಪೊರೆಯಲ್ಲೂ ಹಬ್ಬಿದ್ದರೆ ಕ್ಯಾನ್ಸರಿನ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಥೊರಾಕೊಸ್ಕೋಪಿ: ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನು ಇಳಿಸಿ, ಕಣ್ಣಿಗೆ ಕಾಣುವ ಗಂಟುಗಳಿಂದಲೇ ತುಣುಕು ತೆಗೆಯುವುದು. ಬೇರೆ ಬೇರೆ ಜಾಗದಿಂದ ಹಲವು ತುಣುಕು ಬೇಕು, ಪೊರೆಯಡಿಯ ಕೊಬ್ಬಿನ ಪದರ ಸೇರುವಷ್ಟು ಆಳಕ್ಕೆ. ಕೋಶಗಳು ಕೊಬ್ಬಿನೊಳಗೆ ನುಗ್ಗಿವೆಯೇ ಇಲ್ಲವೇ ಎಂಬುದರ ಮೇಲೇ ಇದು ಕ್ಯಾನ್ಸರೋ ಬರೀ ಉರಿಯೂತವೋ ಎಂಬ ತೀರ್ಮಾನ ನಿಂತಿರುತ್ತದೆ. ಮೇಲ್ಮೈಯಿಂದ ಚಿವುಟಿದ ತುಣುಕು ನೋಡಿ ಯಾವ ರೋಗಶಾಸ್ತ್ರಜ್ಞರೂ ಖಚಿತವಾಗಿ ಹೇಳಲಾರರು. ಇನ್ನೊಂದು ಸಣ್ಣ ಎಚ್ಚರ: ಎಲ್ಲ ತುಣುಕನ್ನೂ ಫಾರ್ಮಲಿನ್ ಡಬ್ಬಿಗೆ ಹಾಕಿಬಿಟ್ಟರೆ ಟಿಬಿ ಕಲ್ಚರ್ ಮಾಡಲಾಗುವುದಿಲ್ಲ, ಬ್ಯಾಕ್ಟೀರಿಯಾ ಸತ್ತಿರುತ್ತದೆ. ಒಂದೆರಡನ್ನು ಬರೀ ಸಲೈನ್‌ನಲ್ಲಿ ಬೇರೆಯಾಗಿ ಕಳಿಸಬೇಕು. ಆಗ ಟಿಬಿಯ ಪ್ರಶ್ನೆಗೂ ಅದೇ ಸಲ ಉತ್ತರ ಸಿಗುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಅಡಿನೊಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿನಿಂದ ಬೇರ್ಪಡಿಸಲು ವಿಶೇಷ ಬಣ್ಣ ಪರೀಕ್ಷೆಗಳು ಬೇಕು. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ1, ಸಿಕೆ 5/6, ಡಿ2-40 ಎಂಬ ಕೋಶದ ಗುರುತುಗಳಲ್ಲಿ ಕನಿಷ್ಠ ಎರಡು ಬಣ್ಣ ಹಿಡಿದು, ಟಿಟಿಎಫ್-1, ಸಿಇಎ, ಕ್ಲಾಡಿನ್-4ಗಳಲ್ಲಿ ಕನಿಷ್ಠ ಎರಡು ಹಿಡಿಯದಿದ್ದರೆ ಮೆಸೊಥೆಲಿಯೋಮಾದ ಕಡೆ ವಾಲುತ್ತದೆ. ಬಿಎಪಿ1 ಅಥವಾ ಎಂಟಿಎಪಿ ಬಣ್ಣ ಮಾಯವಾಗಿದ್ದರೆ ಉರಿಯೂತವಲ್ಲ, ಕ್ಯಾನ್ಸರೇ ಎನ್ನಲು ಬಲ ಬರುತ್ತದೆ. ವರದಿಯಲ್ಲಿ ಕೋಶದ ಬಗೆಯನ್ನೂ ಬರೆಯಲೇಬೇಕು. ಎಪಿಥೀಲಿಯಾಯ್ಡ್ ಹೆಚ್ಚು ಕಾಣುವುದು, ಚಿಕಿತ್ಸೆಗೆ ಸ್ವಲ್ಪ ಬಗ್ಗುವುದು. ಸಾರ್ಕೊಮಟಾಯ್ಡ್ ಅಪರೂಪ, ಕೆಟ್ಟದ್ದು. ನೀರು ಕಡಿಮೆ, ನೋವು ಜಾಸ್ತಿ. ಎರಡೂ ಬೆರೆತದ್ದು ಬೈಫೇಸಿಕ್. ‘ಮೆಸೊಥೆಲಿಯೋಮಾ’ ಎಂದಷ್ಟೇ ಬರೆದ ವರದಿ ಅರ್ಧ ವರದಿ, ಚಿಕಿತ್ಸೆ ಯಾವುದು ಎಂಬುದು ಈ ಬಗೆಯ ಮೇಲೂ ನಿಂತಿದೆ.

ಚಿಕಿತ್ಸೆಯಲ್ಲಿ ಪೂರ್ತಿ ಗುಣ ಎಂಬ ಭರವಸೆ ಕೊಡುವವರನ್ನು ನಂಬಬೇಡಿ. ಎದೆಯ ಪೊರೆಯದಕ್ಕೆ ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಗಳು, 21 ದಿನಕ್ಕೊಮ್ಮೆ, 2003ರಿಂದ ನಡೆದುಬಂದ ಪದ್ಧತಿ. ಪೆಮೆಟ್ರೆಕ್ಸೆಡ್ ಕೊಡುವುದಕ್ಕೆ ಒಂದು ವಾರ ಮೊದಲೇ, ದಿನವೂ ನುಂಗುವ ಫೋಲಿಕ್ ಆಸಿಡ್, ಒಂದು ಬಿ12 ಇಂಜೆಕ್ಷನ್ ಶುರುವಾಗಿರಬೇಕು. ಮರೆತರೆ ಬಾಯಿಹುಣ್ಣು, ಭೇದಿ, ರಕ್ತಕಣ ಕುಸಿತ ಜೋರಾಗಿ ಬರುತ್ತದೆ. ಕಿಡ್ನಿ ದುರ್ಬಲವಿದ್ದವರು ಆ ದಿನಗಳಲ್ಲಿ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬಾರದು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಇಮ್ಯುನೊಥೆರಪಿಯ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಜೋಡಿ ಒಂದು ದೊಡ್ಡ ಅಧ್ಯಯನದಲ್ಲಿ ಮಧ್ಯಕ ಆಯುಷ್ಯವನ್ನು, ಅಂದರೆ ಅರ್ಧದಷ್ಟು ರೋಗಿಗಳು ದಾಟುವ ಅವಧಿಯನ್ನು, ಕೀಮೋದವರ 14.1 ತಿಂಗಳಿನಿಂದ 18.1ಕ್ಕೆ ಏರಿಸಿತು. ಹೆಚ್ಚು ಪ್ರಯೋಜನವಾದದ್ದು ಎಪಿಥೀಲಿಯಾಯ್ಡ್ ಅಲ್ಲದವರಿಗೆ. ಬೆಲೆ ಮಾತ್ರ ಬಡವರ ಕೈಗೆ ಎಟುಕುವಂಥದ್ದಲ್ಲ. ಪೊರೆಯನ್ನೇ ಸುಲಿದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಗೆ ಆಸ್ತಿ ಮಾರುವ ಮುಂಚೆ, 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಾರ್ಸ್ 2 ಅಧ್ಯಯನದಲ್ಲಿ ಕೀಮೋ ಮಾತ್ರ ಪಡೆದವರಿಗಿಂತ ಶಸ್ತ್ರಚಿಕಿತ್ಸೆಯೂ ಆದವರೇ ಹಿಂದೆ ಬಿದ್ದರು ಎಂಬುದನ್ನು ಕುಟುಂಬದವರು ತಿಳಿದಿರಲಿ. ಹೊಟ್ಟೆಯದಕ್ಕೆ ಲೆಕ್ಕ ಬೇರೆ: ಆಯ್ದ ರೋಗಿಗಳಲ್ಲಿ ಗಡ್ಡೆ ತೆಗೆದು ಬಿಸಿ ಕೀಮೋ ಹರಿಸುವ ಹೈಪೆಕ್‌ನಿಂದ ವರ್ಷಗಳೇ ಸಿಗುತ್ತವೆ. ಮತ್ತೆ ಮತ್ತೆ ನೀರು ತುಂಬುವವರಿಗೆ ಟಾಲ್ಕ್ ಹಾಕಿ ಪೊರೆ ಅಂಟಿಸುವುದುಂಟು. ಶ್ವಾಸಕೋಶ ಬಿಗಿದುಕೊಂಡು ಹಿಗ್ಗದಿದ್ದರೆ ಅದು ಅಂಟುವುದಿಲ್ಲ, ಆಗ ಮನೆಯಲ್ಲೇ ನೀರು ಬಸಿಯುವ ಕೊಳವೆ ಹಾಕಿಸಿಕೊಳ್ಳುವುದು ಲೇಸು.

ಶೀಟಿನ ಮನೆಯಲ್ಲಿರುವವರು ಹೆದರಬೇಕೇ? ಒಡೆಯದ, ಕೊರೆಯದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಕಟ್ಟಿಕೊಂಡಿರುತ್ತವೆ. ಕೆಡುಕು ಮಾಡುವುದು ಒಣ ಧೂಳು. ಶೀಟನ್ನು ಗ್ರೈಂಡರ್‌ನಲ್ಲಿ ಕೊಯ್ಯಬಾರದು, ಪಾಚಿ ತೆಗೆಯಲು ತಂತಿ ಬ್ರಷ್‌ನಿಂದ ಉಜ್ಜಬಾರದು. ಬದಲಿಸುವಾಗ ನೀರು ಸಿಂಪಡಿಸಿ ಪೂರ್ತಿ ನೆನೆಸಿ, ಜೆ-ಬೋಲ್ಟ್ ಬಿಚ್ಚಿ ಇಡಿಯಾಗಿ ಕೆಳಗಿಳಿಸಬೇಕು, ಮೇಲಿನಿಂದ ಎಸೆಯಬಾರದು. ತುಂಡಾದದ್ದನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಕು. ಮೂಗಿಗೆ ಕಟ್ಟಿದ ಟವೆಲ್ಲಿನಿಂದ ಏನೂ ಆಗದು, ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು. ಕಸ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಳೇ ಶೀಟು ಪುಡಿಮಾಡಿ ರಸ್ತೆ ಗುಂಡಿ ತುಂಬುವ ರೂಢಿ ಎಷ್ಟೋ ಊರುಗಳಲ್ಲಿದೆ; ಅದನ್ನು ಪಂಚಾಯಿತಿಗಳು ನಿಲ್ಲಿಸಬೇಕು.

ಕೊನೆಯದಾಗಿ ಕಾಗದಪತ್ರ. ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ಕೊಡುತ್ತಾ, ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೋಮಾ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗವೆಂದು ದಾಖಲಾಗಿದ್ದು, 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಆ ಪಟ್ಟಿ ಬಂದಿದೆ. ನಿವೃತ್ತಿಯ ನಂತರ ಬಂದರೂ, ಆ ಕೆಲಸದಿಂದಲೇ ಬಂತೆಂದು ತೋರಿಸಿದರೆ ಪರಿಹಾರ ಕೇಳಬಹುದು. ತೋರಿಸಲು ಬೇಕಾದದ್ದು ಎರಡೇ: ಕೋಶದ ಬಗೆ ಸಮೇತ ಬಯಾಪ್ಸಿ ವರದಿ ಮತ್ತು ಕೆಲಸದ ಪುರಾವೆ. ಸಂಬಳದ ಚೀಟಿ, ಪಿಎಫ್ ಪುಸ್ತಕ, ಇಎಸ್‌ಐ ಕಾರ್ಡ್, ಗೇಟ್ ಪಾಸ್ ಇವುಗಳಲ್ಲಿ ಯಾವುದಿದ್ದರೂ ಎಸೆಯಬೇಡಿ. ಟಿಬಿ ಎಂದೇ ಬರೆದ ಡಿಸ್ಚಾರ್ಜ್ ಚೀಟಿ ಹಿಡಿದು ಹೋದ ವಿಧವೆಗೆ ಯಾವ ಕಚೇರಿಯಲ್ಲೂ ಏನೂ ಸಿಗುವುದಿಲ್ಲ.

ಆದ್ದರಿಂದ ಆರೋಗ್ಯ ಇಲಾಖೆಗೆ ನಮ್ಮ ಬೇಡಿಕೆ ಸಣ್ಣದು. ಜಿಲ್ಲಾಸ್ಪತ್ರೆಗಳ ಹೊರರೋಗಿ ಚೀಟಿಯಲ್ಲಿ ‘ಕಸುಬು’ ಎಂಬ ಒಂದು ಕಾಲಂ ಬದಲು ‘ಈಗಿನ ಕಸುಬು’, ‘ಹಿಂದಿನ ಕಸುಬುಗಳು, ಯಾವ ವರ್ಷದಿಂದ ಯಾವ ವರ್ಷದವರೆಗೆ’ ಎಂದು ಎರಡು ಮುದ್ರಿಸಲಿ. ಬಯಾಪ್ಸಿಯಲ್ಲಿ ಖಚಿತವಾದ ಪ್ರಕರಣಗಳಿಗೆ ಡಿಸ್ಚಾರ್ಜ್ ಚೀಟಿಯಲ್ಲೂ ಮರಣ ಪ್ರಮಾಣಪತ್ರದಲ್ಲೂ ಮೆಸೊಥೆಲಿಯೋಮಾದ ಅಂತರರಾಷ್ಟ್ರೀಯ ರೋಗ ಸಂಕೇತವಾದ ಸಿ45 ಅನ್ನೇ ಬರೆಯುವಂತೆ ಸುತ್ತೋಲೆ ಹೊರಡಲಿ. ವಿಭಾಗ ಮಟ್ಟದ ಒಂದು ಸರ್ಕಾರಿ ಆಸ್ಪತ್ರೆಯಲ್ಲಾದರೂ ಥೊರಾಕೊಸ್ಕೋಪಿ ವಾರಕ್ಕೊಂದು ದಿನ ನಡೆಯಲಿ, ಕಲಬುರಗಿಯ ರೋಗಿ ಒಂದು ತುಣುಕು ತೆಗೆಸಲು ಬೆಂಗಳೂರಿಗೆ ಬರುವುದು ತಪ್ಪಲಿ.

– ಎದೆರೋಗ ಹಾಗೂ ರೋಗಶಾಸ್ತ್ರ ವಿಭಾಗಗಳ ಕೆಲವು ವೈದ್ಯರು, ಬೆಂಗಳೂರು